ಸೆಲ್ವಿನ್ ಸಾರಿ ಸಾರಿ ಹೇಳಿದ್ದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಬಂದಿದೆ. ಈ ವಿಷಯವನ್ನು ಸಮಾಧಾನವಾಗಿ ಕೇಳಬೇಕು ಅನ್ನುವವರು ನಮ್ಮ ಅಕ್ಕಪಕ್ಕದ ಯಾರನ್ನಾದರೂ ಕೇಳಿಕೊಳ್ಳಲಿ. ಅವರೆಲ್ಲ ಬಹಳ ಸಮಾಧಾನದ ಜನ. ಕಣ್ಣೆದುರೇ ನಡೆದದ್ದನ್ನು ಕೇಳಿದರೂ ಆ ಹೊತ್ತಿಗೆ ಮೋಡ ನೋಡುತ್ತಿದ್ದೆವು ಅನ್ನುವಷ್ಟು ಸಮಾಧಾನ ಅವರಿಗೆ.

ನನ್ನ ಗಂಡ ಸೆಲ್ವಿನ್ ಸಗ್ಡೆನ್. ಈ ಥಾರ್ನ್‌ಶಾ ಊರಿನಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಒಳ್ಳೆಯ ಮನುಷ್ಯ, ಅದೇ ತೊಂದರೆ. ಅವನ ನಾಲಿಗೆ ತುದಿಯಲ್ಲಿ ಒಂದು ಮಾತು ಸದಾ ಸಿದ್ಧವಾಗಿ ಕೂತಿರುತ್ತದೆ: ಸಾರಿ. ಮಳೆ ಬಂದರೆ ಬಸ್ಸು ಹತ್ತುವವರಿಗೆಲ್ಲ ಸಾರಿ ಅನ್ನುತ್ತಿದ್ದ, ಮಳೆಯನ್ನು ಇವನೇ ಹೇಳಿ ತರಿಸಿದ ಹಾಗೆ. ನಮ್ಮ ಮದುವೆಯ ದಿನ ಪಾದ್ರಿಗಳು "ಈ ಬೆರಿಲ್‌ಳನ್ನು ಹೆಂಡತಿಯಾಗಿ ಸ್ವೀಕರಿಸುತ್ತೀಯಾ?" ಅಂದಾಗ ಇವನಿಗೆ ಸರಿಯಾಗಿ ಕೇಳಿಸದೆ "ಸಾರಿ?" ಅಂದ. ಇಡೀ ಚರ್ಚು ಉಸಿರು ಬಿಗಿಹಿಡಿದು ಕೂತಿತು. ನನ್ನಮ್ಮ ಆಗಲೇ ಮನೆಗೆ ಹೊರಡಲು ಕೈಚೀಲ ಎತ್ತಿಕೊಂಡಿದ್ದಳು.

ಊರಾಚೆ ರೈಲು ಹಳಿಯ ಪಕ್ಕದಲ್ಲಿ, ತರಕಾರಿ ಬೆಳೆದುಕೊಳ್ಳಿ ಅಂತ ಕೌನ್ಸಿಲ್‌ನವರು ಜನರಿಗೆ ಕೊಟ್ಟ ನೆಲದ ತುಂಡುಗಳಿವೆ, ಇಪ್ಪತ್ತೆರಡು. ಏಳನೆಯದು ನಮ್ಮದು. ನಮ್ಮ ಮಾವ ಉಣ್ಣೆ ಗಿರಣಿಯಲ್ಲಿದ್ದಾಗ ಹಿಡಿದದ್ದು. ಅವರು ನೆಟ್ಟ ರೂಬಾರ್ಬ್ ಅನ್ನುವ ಹುಳಿದಂಟಿನ ಗಿಡದ ಬುಡ ಈಗಲೂ ಪ್ರತಿ ವಸಂತಕ್ಕೆ ಹೆಬ್ಬೆರಳಿಗಿಂತ ದಪ್ಪನೆಯ ಕೆಂಪು ದಂಟು ಬಿಡುತ್ತದೆ. ಬಸ್ಸು ಬಿಟ್ಟ ಮೇಲೆ ಸೆಲ್ವಿನ್‌ಗೆ ಉಳಿದಿರುವುದು ಅದೊಂದೇ ಜಾಗ. ಬೆಳಿಗ್ಗೆ ಚಹಾ ಕುಡಿದು ಹೋದರೆ ಸಂಜೆ ಬೂಟಿನ ತುಂಬ ಮಣ್ಣು ಹೊತ್ತು ನಗುನಗುತ್ತಾ ಬರುತ್ತಾನೆ. ಆ ನೆಲ ಹೋಯಿತೆಂದರೆ ಅವನು ದಿನವಿಡೀ ನನ್ನ ಅಡುಗೆಮನೆಯಲ್ಲಿರುತ್ತಾನೆ, ನಾನು ಕಾಲಿಟ್ಟಲ್ಲೆಲ್ಲ ಸಾರಿ ಅನ್ನುತ್ತಾ. ಅವನಿಗಿಂತ ನನಗೇ ಆ ತುಂಡಿನ ಮೇಲೆ ಆಸೆ ಹೆಚ್ಚು ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ.

ಎಂಟನೇ ತುಂಡಿನವನು ರಾಯ್ಸ್ಟನ್ ಟಾಪ್ಲಿಸ್. ಎರಡು ಬೇಸಿಗೆಯಿಂದ ಅವನ ಕಣ್ಣು ನಮ್ಮ ಏಳರ ಮೇಲೆ. ಗಾಜಿನ ಮನೆ ಕಟ್ಟಿ ದ್ರಾಕ್ಷಿ ಬೆಳೆಯುತ್ತಾನಂತೆ. ಈ ಚಳಿಯ ಯಾರ್ಕ್‌ಷೈರಿನಲ್ಲಿ ದ್ರಾಕ್ಷಿ. ವಾರಕ್ಕೊಂದು ಸಲ ಬೇಲಿಗೆ ಮೊಣಕೈ ಊರಿ, "ಏನಪ್ಪಾ ಸೆಲ್ವಿನ್, ಸೊಂಟನೋವು ಹೇಗಿದೆ?" ಅಂತ ಕೇಳುತ್ತಾನೆ. ಸೆಲ್ವಿನ್‌ಗೆ ಸೊಂಟನೋವೇ ಇಲ್ಲ. ಆದರೂ "ಪರವಾಗಿಲ್ಲ, ಸಾರಿ" ಅಂತ ಉತ್ತರ ಕೊಟ್ಟು ಬರುತ್ತಾನೆ.

ಜುಲೈ ತಿಂಗಳ ಎರಡನೇ ಶನಿವಾರ. ಹತ್ತು ದಿನದಿಂದ ಮಳೆ ಇರಲಿಲ್ಲ. ಎಲ್ಲರಿಗೂ ಸೇರಿದ ನೀರಿನ ತೊಟ್ಟಿಯ ಮುಂದೆ ಜನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಸೆಲ್ವಿನ್ ಸಾಲಿನ ಮುಂದಕ್ಕೆ ಬಂದು ತೊಟ್ಟಿಗೆ ಬಗ್ಗಿದ್ದ, ಅವನ ಹಿಂದೆ ಎಂಟು ಜನ. ಆಗ ರಾಯ್ಸ್ಟನ್ ಗೊಬ್ಬರ ತುಂಬಿದ ವ್ಯಾನನ್ನು ಹಿಂದಕ್ಕೆ ಓಡಿಸುತ್ತಾ ಬಂದ. ವ್ಯಾನು ಮೊದಲು ಸೆಲ್ವಿನ್‌ಗೆ ತಾಗಿತು, ಅವನು ಪಕ್ಕದ ಎಲೆಕೋಸಿನ ಮಡಿಗೆ ಹೋಗಿ ಬಿದ್ದ. ಆಮೇಲೆ ತೊಟ್ಟಿಗೆ ತಾಗಿತು. ಯುದ್ಧದ ಕಾಲದ ಸಿಮೆಂಟು ತೊಟ್ಟಿ ಬಾಯಿ ಬಿಟ್ಟು, ಇದ್ದಬದ್ದ ನೀರೆಲ್ಲ ಇಳಿಜಾರಿನಲ್ಲಿ ಹರಿದು ನೇರವಾಗಿ ಮಿಸ್ ಓಲ್ಡ್‌ರಾಯ್ಡ್ ಅವರ ಈರುಳ್ಳಿಗೆ ನುಗ್ಗಿತು.

ಮಿಸ್ ಓಲ್ಡ್‌ರಾಯ್ಡ್ ಅಂದರೆ ತೋಟಗಾರರ ಸಮಿತಿಯ ಅಧ್ಯಕ್ಷೆ. ಕಾರ್ಯದರ್ಶಿಯೂ ಆಕೆಯೇ, ಯಾಕೆಂದರೆ ನಡಾವಳಿ ಪುಸ್ತಕ ಬರೆಯಲು ಬೇರೆ ಯಾರೂ ಒಪ್ಪುವುದಿಲ್ಲ. ಆ ಈರುಳ್ಳಿಗಳು ಆಗಸ್ಟಿನ ಪ್ರದರ್ಶನಕ್ಕೆಂದು ವಾರವಾರವೂ ಟೇಪು ಹಿಡಿದು ಸುತ್ತಳತೆ ನೋಡಿ ಸಾಕಿದವು. ಆಕೆ ತಮ್ಮ ಶೆಡ್ಡಿನಿಂದ ಓಡಿ ಬರುವಷ್ಟರಲ್ಲಿ ರಾಯ್ಸ್ಟನ್ ವ್ಯಾನನ್ನು ಮುಂದಕ್ಕೆ ತಂದು, ಇಳಿದು, ಕೈಕಟ್ಟಿ ನಿಂತಿದ್ದ. ಆಕೆ ಕಂಡದ್ದು ಒಡೆದ ತೊಟ್ಟಿ, ತೇಲುವ ಈರುಳ್ಳಿ, ಮತ್ತು ಎಲೆಕೋಸಿನ ನಡುವಿನಿಂದ ತೊಪ್ಪೆಯಾಗಿ ಎದ್ದು ಬರುತ್ತಿದ್ದ ನನ್ನ ಗಂಡ.

"ಸಾರಿ," ಅಂದ ಸೆಲ್ವಿನ್.

ಯಾರಿಗೆ ಅಂದೆ ಮಾರಾಯಾ ಅಂತ ಆಮೇಲೆ ಮನೆಯಲ್ಲಿ ಕೇಳಿದೆ. ವ್ಯಾನಿಗೆ ಅಂದನಂತೆ.

ರಾಯ್ಸ್ಟನ್ ಒಂದೇ ಒಂದು ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಸೆಲ್ವಿನ್‌ನ ಒದ್ದೆ ಬೆನ್ನು ತಟ್ಟಿ, "ನೋಡಿ ಮಿಸ್ ಓಲ್ಡ್‌ರಾಯ್ಡ್, ನಿಂತ ಜಾಗದಲ್ಲೇ ಸಾರಿ ಕೇಳಿದ. ಅದಕ್ಕೆ ದೊಡ್ಡ ಮನಸ್ಸು ಬೇಕು," ಅಂದನಂತೆ. ನನ್ನ ಗಂಡ ಅದಕ್ಕೆ ಥ್ಯಾಂಕ್ಸ್ ಹೇಳಿ ಬಂದಿದ್ದ.

ಮಂಗಳವಾರ ಕಾಗದ ಬಂತು. ಸೆಲ್ವಿನ್ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ. "ಪ್ರಿಯ ಸಗ್ಡೆನ್ ಅವರೇ, ತಮಗೆ ತೊಂದರೆಯಾಗದಿದ್ದರೆ, ಆಗಸ್ಟ್ ಮೊದಲ ಗುರುವಾರ ಸಂಜೆ ಆರಕ್ಕೆ ಚಾಪೆಲ್ ಹಿಂದಿನ ಕೋಣೆಯಲ್ಲಿ ನಡೆಯುವ ಸಭೆಗೆ ಒಂದಿಷ್ಟು ಹೊತ್ತು ಬಂದು ಹೋಗಬಹುದೇನೋ ಎಂದು ಸಮಿತಿಗೆ ಅನ್ನಿಸಿದೆ. ಏಳನೇ ತುಂಡಿನ ಬಗ್ಗೆ ಒಂದು ಸಣ್ಣ ಮಾತು. ಒಂಬತ್ತನೇ ನಿಯಮವನ್ನು ತಾವು ಬಿಡುವಾದಾಗ ಒಮ್ಮೆ ಕಣ್ಣಾಡಿಸಿದರೆ ಬಹಳ ಸಂತೋಷ." ಓದಿ ಮುಗಿಸಿ, "ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡು. ಚಹಾ ಕೂಡ ಇರುತ್ತೇನೋ," ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಈ ದೇಶದಲ್ಲಿ ಹುಟ್ಟಿ ಅರವತ್ತೇಳು ವರ್ಷವಾದ ಗಂಡಸಿಗೆ ಒಂದು ಇಂಗ್ಲಿಷ್ ಕಾಗದ ಅರ್ಥವಾಗುವುದಿಲ್ಲ ಅಂದರೆ ಏನು ಹೇಳಬೇಕು?

"ಸೆಲ್ವಿನ್, 'ತೊಂದರೆಯಾಗದಿದ್ದರೆ' ಅಂದ್ರೆ ಬರದಿದ್ರೆ ನೋಡ್ಕೋ ಅಂತ. 'ಸಣ್ಣ ಮಾತು' ಅಂದ್ರೆ ನಿನ್ನ ಕಥೆ ಮುಗೀತು ಅಂತ. 'ಬಹಳ ಸಂತೋಷ' ಅಂದ್ರೆ ಈರುಳ್ಳಿ ನೆನೆಸಿಕೊಂಡು ಆಕೆ ಇನ್ನೂ ಹಲ್ಲು ಕಡೀತಿದ್ದಾಳೆ ಅಂತ. ಒಂಬತ್ತನೇ ನಿಯಮ ಏನು ಗೊತ್ತಾ ನಿನಗೆ?"

ಗೊತ್ತಿರಲಿಲ್ಲ. ಸಮಿತಿಯ ನಿಯಮದ ಪುಸ್ತಕ ತೆಗೆದು ತೋರಿಸಿದೆ. ಎಲ್ಲರಿಗೂ ಸೇರಿದ ವಸ್ತು ಕೆಡಿಸಿದವರು ತಮ್ಮ ತುಂಡನ್ನು ಬಿಟ್ಟುಕೊಡಬೇಕು. ಸೆಲ್ವಿನ್ ಅದನ್ನು ಎರಡು ಸಲ ಓದಿದ. ಬಣ್ಣ ಇಳಿದುಹೋಯಿತು ಅವನ ಮುಖದಲ್ಲಿ. "ಅಪ್ಪನ ರೂಬಾರ್ಬು," ಅಂದ, ಅಷ್ಟೇ.

"ಈಗಲೇ ಹೋಗು. ಮಿಸ್ ಓಲ್ಡ್‌ರಾಯ್ಡ್ ಮನೆಗೆ ಹೋಗಿ, ತಪ್ಪು ನನ್ನದಲ್ಲ, ವ್ಯಾನು ರಾಯ್ಸ್ಟನ್‌ದು ಅಂತ ಸಾರಿ ಸಾರಿ ಹೇಳಿ ಬಾ," ಅಂತ ಕಳಿಸಿದೆ.

ಅವನು ಹೋದ. ಹೋಗಿ ಸಾರಿ, ಸಾರಿ ಅಂತ ಹೇಳಿ ಬಂದ.

ಬಾಗಿಲು ತೆರೆದ ಕೂಡಲೇ ಸಾರಿ ಅಂದನಂತೆ, ಆಕೆ ಚಹಾ ಕುಡಿಯುವ ಹೊತ್ತಿಗೆ ಬಂದದ್ದಕ್ಕೆ. ಕಾಲೊರೆಸಿನ ಮೇಲೆ ಮಣ್ಣಾದದ್ದಕ್ಕೆ ಇನ್ನೊಂದು. ಆಕೆಯ ಬೆಕ್ಕು ಇವನ ಬೂಟು ಕಚ್ಚಿದ್ದಕ್ಕೆ ಬೆಕ್ಕಿಗೊಂದು. ಅಷ್ಟಾಗುವಾಗ ಅಲ್ಲಿ ಒಣಗಲು ಹಾಕಿದ್ದ ಈರುಳ್ಳಿ ನೋಡಿ ಮನಸ್ಸು ತಡೆಯದೆ, ಬುಟ್ಟಿಗೆ ತುಂಬಿ ಒಳಗಿಟ್ಟುಕೊಟ್ಟು, ಹೊರಡುವಾಗ ಮತ್ತೊಂದು. ವ್ಯಾನಿನ ಮಾತು ಎತ್ತಲು ಮರೆತೇಹೋಯಿತಂತೆ. ಮನೆಗೆ ಬಂದು ಅದು ನೆನಪಾಗಿ ಫೋನು ಮಾಡಿದ. ಆಕೆ ಎತ್ತಲಿಲ್ಲ. ಧ್ವನಿ ಮುದ್ರಿಸುವ ಯಂತ್ರ ಕೀಂ ಅಂದದ್ದೇ ಇವನು ಬೆಚ್ಚಿ, "ಸಾರಿ, ಸೆಲ್ವಿನ್," ಅಂದು ಕೆಳಗಿಟ್ಟ. ಈಗ ಆಕೆಯ ಹತ್ತಿರ ಅವನ ಸ್ವಂತ ದನಿಯಲ್ಲೇ ಸಾಕ್ಷಿ ಇತ್ತು.

ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಸೇರಿದೆವು. ಅಂದರೆ ನಾವಿಬ್ಬರು, ಎಂಬತ್ತೆಂಟು ವರ್ಷದ ನಮ್ಮ ಅತ್ತೆ ಹಿಲ್ಡಾ, ಶಾಲೆಯಲ್ಲಿ ಪಾಠ ಹೇಳುವ ಮಗಳು ಗ್ಲೆನಿಸ್. ಕುರಿಮಾಂಸದ ರೋಸ್ಟು, ಆಲೂಗಡ್ಡೆ, ಉಬ್ಬಿದ ಯಾರ್ಕ್‌ಷೈರ್ ಪುಡಿಂಗು. ಯಾರಿಗೂ ಊಟದ ಮೇಲೆ ಗಮನವಿರಲಿಲ್ಲ.

"ನಿಮಗೆ ಯಾರಿಗೂ ಅರ್ಥ ಆಗ್ತಿಲ್ಲ," ಅಂದಳು ಗ್ಲೆನಿಸ್. "ನಮ್ಮ ಜನ ಸಾರಿ ಅಂದ್ರೆ ಸಾರಿ ಅಂತಲೇ ಅಲ್ಲ. ಕೇಳಿಸಲಿಲ್ಲ ಅನ್ನೋಕೂ ಸಾರಿ, ದಾರಿ ಬಿಡು ಅನ್ನೋಕೂ ಸಾರಿ. ಅಂಗಡೀಲಿ ಯಾರಾದ್ರೂ ಸಾಲು ಮುರಿದ್ರೆ 'ಸಾರಿ, ನಾನು ಮುಂದಿದ್ದೆ' ಅಂತೀವಿ, ಅದು ಬೈಗುಳ. ನಮ್ಮ ಹೆಡ್‌ಮಿಸ್ಟ್ರೆಸ್ 'ಸಾರಿ, ಆದ್ರೆ' ಅಂತ ಶುರು ಮಾಡಿದ್ರೆ ಯಾರದ್ದೋ ರಜೆ ಹೋಯ್ತು ಅಂತ ಅರ್ಥ."

"ನಮ್ಮ ಕಾಲದಲ್ಲಿ ಹಾಗಿರಲಿಲ್ಲ," ಅಂದರು ಅತ್ತೆ. "ನಿಮ್ಮ ತಾತ ಇಡೀ ಜೀವಮಾನದಲ್ಲಿ ಒಂದೇ ಸಲ ಸಾರಿ ಅಂದದ್ದು. ಅದೂ ಸಾಯೋ ಹಿಂದಿನ ವಾರ. ಹಿತ್ತಲ ಬಾಗಿಲಿಗೆ ಬಣ್ಣ ಹೊಡೆಯೋದು ಬಾಕಿ ಉಳೀತು ಅಂತ. ಆಗಲೇ ನನಗೆ ಗೊತ್ತಾಯ್ತು, ಈ ಮನುಷ್ಯ ಉಳಿಯೋದಿಲ್ಲ ಅಂತ."

"ಅದಕ್ಕೇ ಅಜ್ಜಿ, ಅಪ್ಪ ಹೀಗಾಗಿರೋದು. ತಾತನ ಪಾಲಿನದ್ದನ್ನೂ ಸೇರಿಸಿ ಇವರೇ ಹೇಳ್ತಿದ್ದಾರೆ. ಇಂಗ್ಲಿಷರು ಅಂದ್ರೆ ಇಷ್ಟೇ. ಉರಿಯೋ ಮನೆಯಿಂದ ಓಡಿ ಬರುವಾಗಲೂ ಬಾಗಿಲಲ್ಲಿ 'ನೀವು ಮೊದಲು' ಅಂತ ನಿಂತ್ಕೋತೀವಿ."

"ಇಂಗ್ಲಿಷರನ್ನ ಯಾಕೆ ಅಂತೀಯೆ? ಲಂಡನ್ನಿನ ಕಡೆಯವರು ಹಾಗೆ. ನಾವು ಯಾರ್ಕ್‌ಷೈರಿನವರು. ಮನಸ್ಸಲ್ಲಿರೋದನ್ನ ಮುಖಕ್ಕೇ ಹೇಳೋರು."

"ಅಮ್ಮ, ಗ್ರೇವಿ ಸ್ವಲ್ಪ ಈ ಕಡೆ ಕೊಡ್ತೀಯಾ, ಸಾರಿ," ಅಂದ ಸೆಲ್ವಿನ್.

ನಾನು ಚಮಚವನ್ನು ತಟ್ಟೆಯ ಮೇಲೆ ಬಡಿದೆ. ಗ್ಲೆನಿಸ್ ತುಟಿ ಕಚ್ಚಿ ನಗು ತಡೆದುಕೊಂಡಳು, ಅದಕ್ಕೆ ಅವಳ ಮೇಲೂ ಕೋಪ ಬಂತು. ನಗುವ ವಿಷಯವಲ್ಲ ಇದು. ಎದುರಿಗೆ ಕೂತಿದ್ದ ಗಂಡ ಕಾಗದ ಬಂದಾಗಿನಿಂದ ರಾತ್ರಿಯ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ನೆಲದ ಮಾತು ಬಂದರೆ ಕಿಟಕಿಯಾಚೆ ನೋಡುತ್ತಿದ್ದ.

ಮುಖಕ್ಕೇ ಹೇಳುವ ಯಾರ್ಕ್‌ಷೈರಿನವರು ಅಂದರಲ್ಲ ಅತ್ತೆ, ಆ ಸಾಲಿನಲ್ಲಿದ್ದ ಎಂಟೂ ಜನರ ಮನೆಗೆ ನಾನು ಸೋಮವಾರದಿಂದ ಹತ್ತಿ ಇಳಿದೆ. ಎಂಟು ಮನೆಯಲ್ಲೂ ಚಹಾ ಕೊಟ್ಟರು. ಎಂಟು ಮನೆಯಲ್ಲೂ ಹವಾಮಾನದ ಮಾತಾಯಿತು. ವ್ಯಾನಿನ ಮಾತು ಎತ್ತಿದ ಕೂಡಲೇ ಬಿಸ್ಕತ್ತಿನ ಡಬ್ಬ ಮುಂದೆ ಬಂತು.

"ನಾನು ಆ ಹೊತ್ತಲ್ಲಿ ಮೋಡ ನೋಡ್ತಿದ್ದೆ ಬೆರಿಲ್," ಅಂದ ಹದಿನಾಲ್ಕನೇ ತುಂಡಿನ ಮುದುಕ ಲುಡ್ಲಮ್.

"ಹತ್ತು ದಿನದಿಂದ ಆಕಾಶದಲ್ಲಿ ಮೋಡವೇ ಇರಲಿಲ್ಲ."

"ಅದಕ್ಕೇ ಹುಡುಕ್ತಿದ್ದೆ."

"ಲುಡ್ಲಮ್, ನೀನು ಸೆಲ್ವಿನ್ ಹಿಂದೇನೇ ನಿಂತಿದ್ದೆ. ವ್ಯಾನು ನಿನ್ನ ಮೂಗಿನ ಮುಂದೆ ಹೋಯ್ತು."

"ಹೋಗಿರಬಹುದು. ಇಲ್ಲ ಅನ್ನಲ್ಲ. ಆದ್ರೆ ರಾಯ್ಸ್ಟನ್ ಜೊತೆ ನಾಳೆಯೂ ಅದೇ ಸಾಲಲ್ಲಿ ನಿಲ್ಲಬೇಕಲ್ಲವ್ವಾ. ಮುಖ ಕೆಡಿಸಿಕೊಂಡು ಹೇಗೆ ನಿಲ್ಲೋದು? ಇನ್ನೊಂದು ಬಿಸ್ಕತ್ತು ತಗೋ."

ತಗೊಂಡೆ. ಕೋಪದಲ್ಲಿ ನಾಲ್ಕು ತಿಂದೆ. ಎಂಟು ಮನೆ ಮುಗಿಸಿ ಬರುವಾಗ ಹೊಟ್ಟೆ ತುಂಬ ಚಹಾ ಇತ್ತು, ಸಾಕ್ಷಿ ಒಬ್ಬರೂ ಇರಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ. ಸಭೆಯಲ್ಲಿ ಸೆಲ್ವಿನ್ ಬಾಯಿಂದ ಆ ಮಾತು ಬರಬಾರದು. ಅಡುಗೆಮನೆಯಲ್ಲಿ ಅಭ್ಯಾಸ ಶುರು ಮಾಡಿಸಿದೆ. ನಾನು ಮಿಸ್ ಓಲ್ಡ್‌ರಾಯ್ಡ್, ಅತ್ತೆ ರಾಯ್ಸ್ಟನ್. ಅತ್ತೆ ಪಾತ್ರದೊಳಗೆ ಎಷ್ಟು ಮುಳುಗಿಹೋದರೆಂದರೆ ಕೈಕೋಲಿನಿಂದ ಮಗನ ಮೊಣಕಾಲಿಗೇ ಬಾರಿಸಿದರು.

"ಸಾರಿ," ಅಂದ ಸೆಲ್ವಿನ್.

"ತಪ್ಪು ನನ್ನದಲ್ಲ ಅನ್ನು ಮಗಾ," ಅಂತ ಇನ್ನೊಂದು ಬಿಟ್ಟರು.

"ತಪ್ಪು ನನ್ನದಲ್ಲ, ಸಾರಿ."

ಎರಡನೇ ವಾರಕ್ಕೆ ಸ್ವಲ್ಪ ಸುಧಾರಿಸಿದ. ಆ ಮಾತು ಗಂಟಲವರೆಗೆ ಬರುತ್ತಿತ್ತು, ಅಲ್ಲೇ ಹಿಡಿಯುತ್ತಿದ್ದ, ಮುಖ ಬೀಟ್‌ರೂಟಿನ ಹಾಗೆ ಕೆಂಪಾಗುತ್ತಿತ್ತು. ಪೋಸ್ಟ್‌ಮ್ಯಾನ್ ಇವನ ಕಾಲು ತುಳಿದಾಗ ಏನೂ ಅನ್ನದೆ ಸುಮ್ಮನೆ ದಿಟ್ಟಿಸಿ ನೋಡಿದನಂತೆ. ಆ ಮನುಷ್ಯ ಗಾಬರಿಯಾಗಿ ನನ್ನ ಹತ್ತಿರ ಬಂದು, "ಸೆಲ್ವಿನ್‌ಗೆ ಹುಷಾರಿಲ್ವಾ ಬೆರಿಲಮ್ಮಾ?" ಅಂತ ವಿಚಾರಿಸಿದ.

ಗುರುವಾರ ಬಂತು. ಚಾಪೆಲ್ ಹಿಂದಿನ ಕೋಣೆ, ಉದ್ದನೆಯ ಮೇಜು, ಮೂಲೆಯಲ್ಲಿ ಕುದಿಯುವ ಚಹಾದ ಪಾತ್ರೆ. ಮಿಸ್ ಓಲ್ಡ್‌ರಾಯ್ಡ್ ನಡಾವಳಿ ಪುಸ್ತಕ ಬಿಡಿಸಿ ಪೆನ್ನಿನ ಮುಚ್ಚಳ ತೆಗೆದರು. ರಾಯ್ಸ್ಟನ್ ಇಸ್ತ್ರಿ ಮಾಡಿದ ಕೋಟು ಹಾಕಿ ಬಂದಿದ್ದ. ಸಾಲಿನಲ್ಲಿದ್ದ ಎಂಟು ಜನ ಗೋಡೆಗೆ ಒತ್ತಿ ಕೂತು ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಮೋಡ ನೋಡಲು ಅಲ್ಲಿ ಆಕಾಶವಿರಲಿಲ್ಲ.

"ಎಲ್ಲರಿಗೂ ತೊಂದರೆ ಕೊಟ್ಟದ್ದಕ್ಕೆ ಸಾರಿ," ಅಂತ ಶುರು ಮಾಡಿದರು ಮಿಸ್ ಓಲ್ಡ್‌ರಾಯ್ಡ್. "ನಡಾವಳಿ ಓದ್ತೀನಿ. ಸಗ್ಡೆನ್ ಅವರು ತೊಟ್ಟಿಯ ಬಳಿ ಸಾರಿ ಕೇಳಿದರು. ನನ್ನ ಮನೆ ಬಾಗಿಲಲ್ಲಿ ನಾಲ್ಕು ಸಲ ಕೇಳಿದರು, ಒಂದು ಬೆಕ್ಕಿಗೆ. ಫೋನಿನಲ್ಲಿ ಒಂದು. ಒಟ್ಟು ಆರು. ಇಷ್ಟು ಮನಃಪೂರ್ವಕವಾಗಿ ಒಪ್ಪಿಕೊಂಡದ್ದು ಈ ಸಮಿತಿಯ ಚರಿತ್ರೆಯಲ್ಲೇ ಇಲ್ಲ. ಆದರೂ ಒಂಬತ್ತನೇ ನಿಯಮ ಇದೆ. ನನಗೆ ಬಹಳ ದುಃಖವಾಗ್ತಿದೆ." ದುಃಖವೇನೂ ಕಾಣಲಿಲ್ಲ, ಈರುಳ್ಳಿಯೇ ಕಾಣುತ್ತಿತ್ತು.

"ನೆಲ ಪಾಳು ಬೀಳಬಾರದು," ಅಂದ ರಾಯ್ಸ್ಟನ್ ಮೃದುವಾಗಿ. "ಬೇರೆ ಯಾರೂ ಮುಂದೆ ಬರದಿದ್ರೆ ನಾನು ನೋಡ್ಕೋತೀನಿ. ಆ ಹಳೇ ರೂಬಾರ್ಬು ಕಿತ್ತು ಸ್ವಚ್ಛ ಮಾಡಿಕೊಡ್ತೀನಿ ಸೆಲ್ವಿನ್, ನಿನಗ್ಯಾಕೆ ಸೊಂಟನೋವಲ್ಲಿ."

ಸೆಲ್ವಿನ್ ಬಾಯಿ ಬಿಟ್ಟ. ಮುಚ್ಚಿದ. ಕೆಂಪಾದ. ಸಾರಿ ಅನ್ನಬೇಡ ಅಂತ ಕಲಿಸಿದ್ದೆನೇ ಹೊರತು ಅದರ ಬದಲು ಏನನ್ನಬೇಕು ಅಂತ ಯಾರೂ ಕಲಿಸಿರಲಿಲ್ಲ, ತಪ್ಪು ನನ್ನದೇ.

ನಾನು ಎದ್ದೆ. "ಮಿಸ್ ಓಲ್ಡ್‌ರಾಯ್ಡ್, ಸಾರಿ ಅನ್ನೋದಕ್ಕೂ ತಪ್ಪಿಗೂ ಈ ಊರಲ್ಲಿ ಏನೂ ಸಂಬಂಧವಿಲ್ಲ. ಈಗಲೇ ತೋರಿಸ್ತೀನಿ. ಬರ್ಕೊಳ್ಳಿ." ನೆಟ್ಟಗೆ ರಾಯ್ಸ್ಟನ್ ಹತ್ತಿರ ಹೋಗಿ, ಮೂರು ವಾರದ ಕೋಪವನ್ನೆಲ್ಲ ಹಿಮ್ಮಡಿಗೆ ಇಳಿಸಿ, ಅವನ ಹೊಳೆಯುವ ಬೂಟಿನ ಮೇಲೆ ಊರಿ ತುಳಿದೆ. ಅವನು ಸಾರಿ ಅನ್ನುತ್ತಾನೆ, ಇಡೀ ಸಭೆ ನೋಡುತ್ತದೆ, ಇದು ನನ್ನ ಲೆಕ್ಕಾಚಾರ. ರಾಯ್ಸ್ಟನ್ ಕಣ್ಣಲ್ಲಿ ನೀರು ಬಂತು, ಮುಖ ಸೊಟ್ಟಗಾಯಿತು, ಬಾಯಿ ತೆರೆಯಿತು.

"ಸಾರಿ," ಅಂತ ಕೇಳಿಸಿತು.

ನನ್ನದೇ ದನಿ. ಈ ಹಾಳು ಬಾಯಿ, ಅವನಿಗಿಂತ ಮೊದಲೇ. ಮಿಸ್ ಓಲ್ಡ್‌ರಾಯ್ಡ್ ತಲೆ ಬಗ್ಗಿಸಿ, "ಶ್ರೀಮತಿ ಸಗ್ಡೆನ್ ಅವರೂ ಸಾರಿ ಕೇಳಿದರು," ಅಂತ ಬರೆದುಕೊಂಡರು. ನೆಲ ಬಾಯ್ತೆರೆದು ನನ್ನನ್ನು ನುಂಗಬಾರದೇ ಅನ್ನಿಸಿತು.

ಆಗ ಮೇಜಿನ ಮೇಲೆ ಗುದ್ದು ಬಿತ್ತು. ಹನ್ನೆರಡು ಕಪ್ಪು ಒಟ್ಟಿಗೆ ಹಾರಿ ಕೂತವು. ನಲವತ್ತೊಂದು ವರ್ಷ ಸಂಸಾರ ಮಾಡಿದ್ದೇನೆ, ಸೆಲ್ವಿನ್ ಆ ದನಿಯಲ್ಲಿ ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ.

"ಸಾಕು ಮಾಡಿ. ವ್ಯಾನು ಅವನದು. ಬಿದ್ದವನು ನಾನು. ನನ್ನ ಹೆಂಡತಿ ನಿಮ್ಮೆಲ್ಲರ ಮನೆ ಬಾಗಿಲಿಗೆ ಬಂದು ಗೋಗರೆದಳು, ನೀವು ಬಿಸ್ಕತ್ತು ಕೊಟ್ಟು ಕಳಿಸಿದ್ರಿ. ನಾಚಿಕೆ ಆಗಲ್ವಾ ನಿಮಗೆ? ಲುಡ್ಲಮ್, ನೀನು ನನ್ನ ಕ್ಯಾನು ಎತ್ತಿಕೊಟ್ಟೆ ಆವತ್ತು. ನೋಡಲಿಲ್ವಾ ನೀನು? ಹೇಳು. ನೋಡಲಿಲ್ವಾ?"

ಲುಡ್ಲಮ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ಎದ್ದ. "ವ್ಯಾನು ನೋಡಿದೆ ಅನ್ನೋದನ್ನ ಈಗ ತಳ್ಳಿಹಾಕೋಕಾಗಲ್ಲ," ಅಂದ. ಅವನು ಬಾಯಿ ಬಿಟ್ಟದ್ದೇ ತಡ, ಉಳಿದ ಏಳು ಜನರೂ ನಾನೂ ನೋಡಿದೆ, ನಾನೂ ನೋಡಿದೆ ಅಂತ ಶುರುಮಾಡಿದರು. ಒಬ್ಬಳಿಗಂತೂ ವ್ಯಾನಿನ ನಂಬರೂ ನೆನಪಿತ್ತು. ರಾಯ್ಸ್ಟನ್ ತನ್ನ ಬೂಟು ಉಜ್ಜಿಕೊಳ್ಳುತ್ತಾ ಬಗ್ಗಿದವನು ಬಗ್ಗಿಯೇ ಇದ್ದ.

ಮಿಸ್ ಓಲ್ಡ್‌ರಾಯ್ಡ್ ಒಂದು ಗೆರೆ ಎಳೆದರು. "ತೊಟ್ಟಿಯ ವಿಷಯದಲ್ಲಿ ಸಗ್ಡೆನ್ ಅವರ ತಪ್ಪಿಲ್ಲ. ಅದು ಮುಗೀತು."

ನನಗೆ ಉಸಿರು ಬಂತು. ಆದರೆ ಆಕೆ ಪೆನ್ನಿನ ಮುಚ್ಚಳ ಹಾಕಲಿಲ್ಲ.

"ಇನ್ನು ಹದಿನಾಲ್ಕನೇ ನಿಯಮ. ಸಭೆಯಲ್ಲಿ ದನಿ ಏರಿಸುವುದು, ಮೇಜು ಗುದ್ದುವುದು. ತೊಟ್ಟಿ ಒಡೆದವರನ್ನ ಹೇಗೋ ಸಹಿಸಬಹುದು ಸಗ್ಡೆನ್ ಅವರೇ. ಕೂಗಾಡುವವರನ್ನ ಈ ಸಮಿತಿ ಯಾವತ್ತೂ ಇಟ್ಟುಕೊಂಡಿಲ್ಲ. ಒಂದೇ ಒಂದು ಮಾತು ಹೇಳಿ. ಎಲ್ಲಾ ಮರೆತುಬಿಡೋಣ. ಏಳನೇ ತುಂಡು ನಿಮ್ಮದೇ."

ಒಂದು ಮಾತು. ಯಾವ ಮಾತು ಅಂತ ಬೇರೆ ಹೇಳಬೇಕೇ? ಕೋಣೆಯಲ್ಲಿದ್ದವರೆಲ್ಲ ಸೆಲ್ವಿನ್ ಮುಖ ನೋಡಿದರು, ಆರಾಮವಾಗಿ, ಈಗ ಅಂದುಬಿಡುತ್ತಾನೆ ಅಂತ. ನಾನೂ ಹಾಗೇ ಅಂದುಕೊಂಡೆ. ಅವನು ಅನ್ನಲಿಲ್ಲ. ನಾನು ವಾಪಸು ಅವನ ಪಕ್ಕ ಕೂತು ಮೇಜಿನ ಕೆಳಗೆ ಅವನ ಕಾಲು ಒದ್ದೆ. ಎರಡು ವಾರ ಯಾವ ಮಾತನ್ನು ನುಂಗು ನುಂಗು ಅಂತ ಅವನ ಪ್ರಾಣ ತಿಂದಿದ್ದೆನೋ ಅದನ್ನೇ ಈಗ ಉಗುಳು ಅಂತ ಅವನ ತೊಡೆ ಚಿವುಟುತ್ತಿದ್ದೆ.

"ಅನ್ನೋ ಮಾರಾಯಾ," ಅಂತ ಪಿಸುಗುಟ್ಟಿದೆ. "ನಿಮ್ಮಪ್ಪನ ರೂಬಾರ್ಬು."

"ಇಲ್ಲ ಬೆರಿಲ್," ಅಂದ ಅವನು, ಎಲ್ಲರಿಗೂ ಕೇಳಿಸುವ ಹಾಗೆ. "ಇಷ್ಟು ವರ್ಷ ನನ್ನದಲ್ಲದ್ದಕ್ಕೆಲ್ಲ ಅಂದೆ. ಇದು ನನ್ನದೇ, ನಾನೇ ಬೇಕು ಅಂತ ಮಾಡಿದ್ದು. ಇದಕ್ಕೆ ಅನ್ನಲ್ಲ. ನೆಲ ಹೋದ್ರೆ ಹೋಗ್ಲಿ."

ಟೋಪಿ ತಲೆಗಿಟ್ಟು ಹೊರಟ. ಎದೆ ಮುಂದೆ, ತಲೆ ಮೇಲೆ. ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ತಲೆ ಅಷ್ಟು ಮೇಲಿದ್ದುದರಿಂದ ಬಾಗಿಲ ಪಕ್ಕದ ಕೋಟು ತೂಗುಹಾಕುವ ಕಂಬ ಅವನಿಗೆ ಕಾಣಿಸಲಿಲ್ಲ. ಹೋಗಿ ಢಿಕ್ಕಿ ಹೊಡೆದ. ಕಂಬ ಓಲಾಡಿತು. ಎರಡೂ ಕೈಯಲ್ಲಿ ಅದನ್ನು ಹಿಡಿದು ನೆಟ್ಟಗೆ ನಿಲ್ಲಿಸಿದ.

"ಸಾರಿ," ಅಂದ, ಕಂಬಕ್ಕೆ. ಬಾಗಿಲು ಎಳೆದುಕೊಂಡು ಹೋದ.

ಅಂದದ್ದು ಅವನಿಗೇ ಗೊತ್ತಿಲ್ಲ. ಉಸಿರಾಡಿದ್ದು ಯಾರಿಗೆ ಗೊತ್ತಾಗುತ್ತದೆ? ಮಿಸ್ ಓಲ್ಡ್‌ರಾಯ್ಡ್ ಪೆನ್ನು ಎತ್ತಿಹಿಡಿದು ನನ್ನ ಕಡೆ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಬರೆಯತೊಡಗಿದರು. "ಸಗ್ಡೆನ್ ಅವರು ಹೊರಡುವ ಮುನ್ನ ಸಾರಿ ಕೇಳಿ..."

"ಅವನು ಅಂದದ್ದು ಕೋಟಿನ ಕಂಬಕ್ಕೆ," ಅಂತ ರಾಯ್ಸ್ಟನ್ ಕಿರುಚಿದ.

"ಟಾಪ್ಲಿಸ್ ಅವರೇ," ಅಂದರು ಆಕೆ, ತಲೆ ಎತ್ತದೆ. "ಯಾರಿಗೆ ಅಂದರು ಅಂತ ಕೇಳುವ ಪದ್ಧತಿ ಈ ಸಮಿತಿಯಲ್ಲಿ ಇಲ್ಲ. ಇದ್ದಿದ್ದರೆ ತೊಟ್ಟಿ ಒಡೆದ ದಿನವೇ ಕೇಳಬೇಕಾಗಿತ್ತು. ದನಿ ಸ್ವಲ್ಪ ತಗ್ಗಿಸಿ. ಹದಿನಾಲ್ಕನೇ ನಿಯಮ."

ಹೊರಗೆ ಬಂದೆ. ಸೆಲ್ವಿನ್ ಚಾಪೆಲ್ ಗೋಡೆಗೆ ಒರಗಿ ನಿಂತಿದ್ದ.

"ಬೆರಿಲ್, ನಾನು ಅನ್ನಲಿಲ್ಲ ಅಲ್ವಾ?"

ಅವನ ಮುಖ ನೋಡಿದೆ. ಹುಡುಗನ ಹಾಗೆ ಹೊಳೆಯುತ್ತಿತ್ತು. ಕಣ್ಣು ಮಾತ್ರ ಒದ್ದೆ.

"ಇಲ್ಲ," ಅಂದೆ. "ಅನ್ನಲಿಲ್ಲ."

"ನೆಲ ಹೋಯ್ತಲ್ಲ."

"ಹೋಗಲಿಲ್ಲ. ನೀನು ಗುದ್ದಿದ ಗುದ್ದಿಗೆ ಎಲ್ಲರೂ ಹೆದರಿಬಿಟ್ರು. ಏಳನೇ ತುಂಡು ಸೆಲ್ವಿನ್‌ದೇ, ಅವನ ತಂಟೆಗೆ ಹೋಗಬೇಡಿ ಅಂತ ಬರೆದುಕೊಂಡ್ರು."

ಅವನು ಟೋಪಿ ತೆಗೆದು ಮುಖ ಒರೆಸಿಕೊಂಡು, ಮನೆಯ ದಾರಿ ಬಿಟ್ಟು ರೈಲು ಹಳಿಯ ಕಡೆ ನಡೆಯತೊಡಗಿದ. ಇನ್ನೂ ಬೆಳಕಿತ್ತು. ನೀರು ಹಾಕಿ ಬರುತ್ತೇನೆ ಅಂದ.

ಈಗ ಆ ಕಥೆಯನ್ನು ಅವನು ಊರಿಗೆಲ್ಲ ಹೇಳುತ್ತಾನೆ. ಒಂದೊಂದು ಸಲಕ್ಕೂ ಗುದ್ದು ಜೋರಾಗುತ್ತಿದೆ, ಹಾರುವ ಕಪ್ಪುಗಳು ಹೆಚ್ಚಾಗುತ್ತಿವೆ. ಮಿಸ್ ಓಲ್ಡ್‌ರಾಯ್ಡ್ ಎದುರಿಗಿದ್ದರೆ ಆಕೆಯೂ ಹೌದು ಅಂತ ತಲೆಯಾಡಿಸುತ್ತಾರೆ. ನಾನೂ ಆಡಿಸುತ್ತೇನೆ. ನಡಾವಳಿ ಪುಸ್ತಕದಲ್ಲಿ ಏನಿದೆ ಅಂತ ನೋಡುವ ಅಭ್ಯಾಸ ನಮ್ಮೂರಲ್ಲಿ ಯಾರಿಗೂ ಇಲ್ಲ. ನಲವತ್ತೊಂದು ವರ್ಷದಲ್ಲಿ ಗಂಡನಿಗೆ ನಾನು ಹೇಳಿದ ದೊಡ್ಡ ಸುಳ್ಳು ಅದೊಂದೇ, ಮತ್ತು ಅದಕ್ಕೆ ನಾನು ಯಾರ ಹತ್ತಿರವೂ ಸಾರಿ ಕೇಳುವವಳಲ್ಲ.